ತುಟಿಗೂ ಮಾತಿಗೂ ನಡುವೆ ಒಂದು ಫ್ರೇಮು

ಇ. ಎಂ. ಫಾರ್ಸ್ಟರ್ 1924ರಲ್ಲಿ ಪ್ರಕಟಿಸಿದ 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿಯ ಕಥೆ ತಿರುಗುವುದೇ ಒಂದು ಪ್ರತಿಧ್ವನಿಯ ಮೇಲೆ. ಮರಾಬಾರ್ ಗುಹೆಯೊಳಗೆ ಏನು ಕೂಗಿದರೂ ಒಂದೇ ಬಗೆಯ ಗುಂಯ್ ಸದ್ದಾಗಿ ಮರಳುತ್ತದೆ. ಆ ಸದ್ದಿಗೆ ಕಂಗೆಟ್ಟವರ ಕಥೆ ಕೊನೆಗೆ ಕೋರ್ಟಿನ ಕಟಕಟೆ ಹತ್ತುತ್ತದೆ. ಫಾರ್ಸ್ಟರ್‌ಗೆ ಪ್ರೇರಣೆಯಾದದ್ದು ಬಿಹಾರದ ಬರಾಬರ್ ಗುಹೆಗಳು. ಆದರೆ ಅರವತ್ತು ವರ್ಷಗಳ ನಂತರ ಡೇವಿಡ್ ಲೀನ್ ಅದನ್ನು ಸಿನಿಮಾ ಮಾಡಲು ಹೊರಟಾಗ ಗುಹೆಯ ದೃಶ್ಯಗಳಿಗೆ ಆರಿಸಿಕೊಂಡದ್ದು ಮಾಗಡಿಯ ಸಾವನದುರ್ಗ ಮತ್ತು ರಾಮನಗರದ ಬೆಟ್ಟಗಳನ್ನು. 1984ರ ಕೊನೆಗೆ ತೆರೆಕಂಡ ಆ ಚಿತ್ರಕ್ಕೆ ಹನ್ನೊಂದು ಆಸ್ಕರ್ ನಾಮನಿರ್ದೇಶನ ಬಂದವು, ಅದರಲ್ಲೊಂದು ಧ್ವನಿಗೆ. ಆ ಪಟ್ಟಿಯ ನಾಲ್ವರಲ್ಲಿ ಒಬ್ಬರು ಜಾನ್ ಮಿಚೆಲ್, ಚಿತ್ರೀಕರಣದ ಜಾಗದಲ್ಲೇ ನಟರ ಮಾತು ಹಿಡಿದವರು. ಪ್ರಶಸ್ತಿ ಆ ವರ್ಷ 'ಅಮೇಡಿಯಸ್' ಪಾಲಾಯಿತು. ಮಾಗಡಿ ಬಂಡೆಗಳ ನಡುವೆ ಕೆಲಸ ಮಾಡಿದ ಧ್ವನಿಗ್ರಾಹಕನ ಹೆಸರು ಆಸ್ಕರ್ ಪಟ್ಟಿಯವರೆಗೆ ಹೋಗಿತ್ತೆಂಬುದು ಮಾತ್ರ ಊರಲ್ಲಿ ಯಾರಿಗೂ ನೆನಪಿದ್ದಂತಿಲ್ಲ. ಅದಕ್ಕೂ ಮೊದಲು ಇದೇ ಸೀಮೆಯ ಬೆಟ್ಟಗಳಲ್ಲಿ ತೆಗೆದ 'ಶೋಲೆ' ಮಾತ್ರ ಎಲ್ಲರಿಗೂ ನೆನಪಿದೆ.

ಈ ಎರಡು ಚಿತ್ರಗಳ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಅದು ಮಾತನ್ನು ಎಲ್ಲಿ, ಹೇಗೆ ಹಿಡಿಯಬೇಕು, ಹಿಡಿದದ್ದನ್ನು ಚಿತ್ರಕ್ಕೆ ಹೇಗೆ ಕೂಡಿಸಬೇಕು ಎಂಬ ವ್ಯತ್ಯಾಸ. ಇವತ್ತು ಡಿಜಿಟಲ್ ಕ್ಯಾಮೆರಾದ ಮೆನುವಿನಲ್ಲಿ 'ಟೈಮ್‌ಕೋಡ್' ಎಂಬ ಒಂದು ಸಾಲು ಇರುತ್ತದೆ. ಹೊಸ ಹುಡುಗರು ಅದನ್ನು ದಾಟಿ ಐಎಸ್‌ಒ, ಶಟರ್ ಕಡೆ ಹೋಗಿಬಿಡುತ್ತಾರೆ. ಆ ಒಂದು ಸಾಲಿನ ಹಿಂದೆ ತೊಂಬತ್ತು ವರ್ಷಗಳ ಪರದಾಟವಿದೆ.

ಮೊದಲು ಲೆಕ್ಕ. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮು, ಅಂದರೆ ಒಂದು ಫ್ರೇಮಿಗೆ ಸುಮಾರು 42 ಮಿಲಿಸೆಕೆಂಡು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಮಾತು ತುಟಿಗಿಂತ ಸುಮಾರು 45 ಮಿಲಿಸೆಕೆಂಡು ಮೊದಲೇ ಬಂದರೆ ನೋಡುವವರಿಗೆ ಗೊತ್ತಾಗತೊಡಗುತ್ತದೆ. ತಡವಾಗಿ ಬಂದರೆ ಮಾತ್ರ 125 ಮಿಲಿಸೆಕೆಂಡಿನವರೆಗೂ ಗೊತ್ತಾಗುವುದಿಲ್ಲ. ತಡವನ್ನು ಕಿವಿ ಕ್ಷಮಿಸುವುದಕ್ಕೆ ಕಾರಣವಿದೆ. ಎದುರು ಬಂಡೆಯ ಮೇಲೆ ಕಲ್ಲು ಒಡೆಯುವವನ ಸುತ್ತಿಗೆ ಬಿದ್ದದ್ದು ಮೊದಲು ಕಾಣುತ್ತದೆ, ಠಣ್ ಎಂಬ ಸದ್ದು ಆಮೇಲೆ ಬರುತ್ತದೆ. ಸದ್ದು ಒಂದು ಫ್ರೇಮಿನಷ್ಟು ಹೊತ್ತಿನಲ್ಲಿ ಸಾಗುವುದು ಸುಮಾರು ಹದಿನಾಲ್ಕು ಮೀಟರ್. ನೂರು ಮೀಟರ್ ದೂರದ ಬಂಡೆಯಿಂದ ಒಬ್ಬ ಕೂಗಿದರೆ ಅವನ ಮಾತು ಏಳು ಫ್ರೇಮು ತಡವಾಗಿ ಬರುತ್ತದೆ. ರಾಮನಗರ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಇದು ಹೊಸತಲ್ಲ. ಆದರೆ ಮಾತು ತುಟಿಗಿಂತ ಮೊದಲು ಬರುವುದು ಪ್ರಕೃತಿಯಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಒಂದು ಫ್ರೇಮು ಮುಂದಾದರೂ ಮನಸ್ಸಿಗೆ ಏನೋ ಕಸಿವಿಸಿ.

ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' 1931ರ ಮಾರ್ಚ್ 14ರಂದು ಬಂದಾಗ ಈ ಕೂಡಿಸುವ ಸಮಸ್ಯೆಯೇ ಇರಲಿಲ್ಲ. ಅರ್ದೇಶಿರ್ ಇರಾನಿ ಬಳಸಿದ ಟ್ಯಾನಾರ್ ಯಂತ್ರ ಚಿತ್ರವನ್ನೂ ಧ್ವನಿಯನ್ನೂ ಒಂದೇ ಫಿಲ್ಮಿನ ಮೇಲೆ ಅಚ್ಚು ಮಾಡುತ್ತಿತ್ತು. ಇದ್ದ ಸಮಸ್ಯೆ ಬೇರೆ. ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ. ರೈಲು ನಿಂತ ಮೇಲೆ, ನಡುರಾತ್ರಿ ಕಳೆದು ಬೆಳಗಿನ ಜಾವದೊಳಗೆ ಅವರು ಬಹುಪಾಲು ಚಿತ್ರೀಕರಣ ಮುಗಿಸಬೇಕಾಯಿತು. ಒಂದೇ ಫಿಲ್ಮಿನ ಈ ಪದ್ಧತಿಗೆ ಇನ್ನೊಂದು ತೊಡಕೂ ಇತ್ತು. ಧ್ವನಿ ಹಿಡಿಯುವ ಭಾಗವನ್ನು ಮಸೂರದ ಬಾಯಲ್ಲೇ ಕೂರಿಸುವಂತಿಲ್ಲ, ಅದು ಒಂದಷ್ಟು ದೂರದಲ್ಲಿರಬೇಕು. ಹಾಗಾಗಿ ಫಿಲ್ಮಿನ ಮೇಲೆ ಮಾತು ಅದರ ಚಿತ್ರದ ಪಕ್ಕದಲ್ಲಿರುವುದಿಲ್ಲ, ಹಲವು ಫ್ರೇಮು ಆಚೆ ಇರುತ್ತದೆ. ಚಿತ್ರ ನೋಡಿ ಕತ್ತರಿ ಹಾಕಿದರೆ ಮಾತು ತುಂಡಾಗುತ್ತದೆ, ಮಾತು ನೋಡಿ ಹಾಕಿದರೆ ಚಿತ್ರ. ಇದರಿಂದ ಪಾರಾಗಲು ಚಿತ್ರಕ್ಕೊಂದು ಯಂತ್ರ, ಧ್ವನಿಗೊಂದು ಯಂತ್ರ ಎಂದು ಬೇರೆ ಮಾಡಿದರು. ಎರಡೂ ಬೇರೆಯಾದ ಕ್ಷಣದಿಂದಲೇ ಅವನ್ನು ಮತ್ತೆ ಕೂಡಿಸುವ ತಲೆನೋವು ಶುರುವಾಯಿತು.

ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' ತಯಾರಾದದ್ದು ಕೊಲ್ಲಾಪುರದ ಛತ್ರಪತಿ ಸಿನೆಟೋನ್‌ನಲ್ಲಿ. ವೈ. ವಿ. ರಾವ್ ನಿರ್ದೇಶನ, ಚಮನ್‌ಲಾಲ್ ಡೂಂಗಾಜಿ ಬಂಡವಾಳ. 1934ರ ಮಾರ್ಚ್ 3ರಂದು ಬೆಂಗಳೂರಿನ ದೊಡ್ಡಣ್ಣ ಹಾಲ್‌ನಲ್ಲಿ, ಅಂದರೆ ಪ್ಯಾರಾಮೌಂಟ್ ಟಾಕೀಸಿನಲ್ಲಿ, ಬಿಡುಗಡೆಯಾಯಿತು. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ಮುಂತಾದ ನಟರು ಕ್ಯಾಮೆರಾದ ಮುಂದೆ ಆಡಿದ ಮಾತೇ ಮಾತು, ಹಾಡಿದ ಹಾಡೇ ಹಾಡು. ಇವರೆಲ್ಲ ಕಂಪನಿ ನಾಟಕದ ಗರಡಿಯಲ್ಲಿ ಪಳಗಿದವರು. ಮೈಕಿಲ್ಲದೆ ಹಿಂದಿನ ಸಾಲಿನ ನೆಲದ ಮೇಲೆ ಕೂತವನಿಗೂ ಕೇಳುವಂತೆ ಕಂಠ ಬಿಟ್ಟು ರೂಢಿಯಿದ್ದವರು. ಆಗಿನ ಒರಟು ಮೈಕುಗಳಿಗೆ ಅಂಥ ಕಂಠವೇ ಬೇಕಿತ್ತು. ಕನ್ನಡ ಸಿನಿಮಾದ ಮೊದಲ ದಿನಗಳ ಧ್ವನಿ ಇಂದಿನ ಭಾಷೆಯಲ್ಲಿ ಹೇಳುವುದಾದರೆ ಪೂರ್ತಿ 'ಸಿಂಕ್ ಸೌಂಡ್'. ಇದನ್ನು ನೆನಪಿಡಬೇಕು, ಯಾಕೆಂದರೆ ಈಗ ಅದೇನೋ ಪರದೇಶದಿಂದ ಬಂದ ಹೊಸ ಆವಿಷ್ಕಾರ ಎಂಬಂತೆ ಮಾತಾಡುವವರಿದ್ದಾರೆ.

1935ರಲ್ಲಿ ಕಲ್ಕತ್ತದ ನಿತಿನ್ ಬೋಸ್ 'ಭಾಗ್ಯಚಕ್ರ' ಮತ್ತು ಅದರ ಹಿಂದಿ ರೂಪ 'ಧೂಪ್ ಛಾಂವ್' ಚಿತ್ರಗಳಲ್ಲಿ ಹಿನ್ನೆಲೆ ಗಾಯನ ತಂದ ಮೇಲೆ ಹಾಡಿನ ಮಟ್ಟಿಗೆ ಎಲ್ಲ ತಲೆಕೆಳಗಾಯಿತು. ಧ್ವನಿ ಮೊದಲು, ತುಟಿ ಆಮೇಲೆ. ಮಾತು ಮಾತ್ರ ಇನ್ನೂ ಒಂದಷ್ಟು ವರ್ಷ ಸ್ಟುಡಿಯೋದ ನೆಲದ ಮೇಲೇ ದಾಖಲಾಗುತ್ತಿತ್ತು. ಮದರಾಸಿನ ಸ್ಟುಡಿಯೋಗಳಲ್ಲಾಗಲಿ, ಐವತ್ತರ ದಶಕದಲ್ಲಿ ಮೈಸೂರಿನಲ್ಲಿ ಶುರುವಾದ ಪ್ರೀಮಿಯರ್ ಸ್ಟುಡಿಯೋದಂಥ ಕಡೆಗಳಲ್ಲಾಗಲಿ ಕೆಲಸ ನಡೆಯುತ್ತಿದ್ದದ್ದು ನಾಲ್ಕು ಗೋಡೆಯೊಳಗೆ. ಭಾರವಾದ ಮಿಚೆಲ್ ಕ್ಯಾಮೆರಾ, ಅದರ ಸದ್ದು ಹೊರಬರದಂತೆ ದಪ್ಪನೆಯ ಬ್ಲಿಂಪ್ ಕವಚ. ಕ್ಯಾಮೆರಾದ ಮೋಟಾರನ್ನೂ ಧ್ವನಿಯಂತ್ರದ ಮೋಟಾರನ್ನೂ ಒಂದೇ ವಿದ್ಯುತ್ ತಂತಿಗೆ ಸಿಕ್ಕಿಸಿದರೆ ಸಾಕು. ಲೈನಿನ 50 ಸೈಕಲ್ ವಿದ್ಯುತ್ತೇ ಎರಡನ್ನೂ ಹೆಜ್ಜೆಗೆ ಹೆಜ್ಜೆ ಓಡಿಸುತ್ತಿತ್ತು. ಶುರುವಿನ ಬಿಂದು ಗುರುತಿಸಲು ಕ್ಲ್ಯಾಪ್ ಬೋರ್ಡು. ಹಲಗೆ ಮುಚ್ಚಿದ ಫ್ರೇಮಿಗೆ 'ಟಕ್' ಎಂಬ ಸದ್ದನ್ನು ಕೂಡಿಸಿದರೆ ಉಳಿದದ್ದೆಲ್ಲ ತಾನಾಗಿ ಕೂಡಿಕೊಳ್ಳುತ್ತದೆ.

ಸ್ಟುಡಿಯೋ ಬಾಗಿಲು ದಾಟಿ ಹೊರಗೆ ಬಂದಾಗಲೇ ಆಟ ಕೆಟ್ಟದ್ದು. ಬೆಟ್ಟದ ಮೇಲೆ ಲೈನು ಎಲ್ಲಿಂದ ತರುವುದು? ಅರವತ್ತರ ದಶಕದಲ್ಲಿ ಬಂದ ಆರಿಫ್ಲೆಕ್ಸ್ 2ಸಿ ಕ್ಯಾಮೆರಾ ಹೆಗಲ ಮೇಲೆ ಇಡುವಷ್ಟು ಹಗುರ, ಬ್ಯಾಟರಿಯಲ್ಲಿ ಓಡುತ್ತದೆ, ಮಳೆ-ಧೂಳಿಗೆ ಜಗ್ಗುವುದಿಲ್ಲ. ಆದರೆ ಹೊಲಿಗೆ ಯಂತ್ರದ ಹಾಗೆ ಕರಕರ ಎನ್ನುತ್ತದೆ. ಅದರ ಪಕ್ಕ ನಟ ಪಿಸುಗುಟ್ಟಿದರೆ ಮೈಕಿಗೆ ಕೇಳುವುದು ಕ್ಯಾಮೆರಾ ಮಾತ್ರ. ಭಾರತದ ಸಿನಿಮಾ ಮಂದಿ ಒಂದು ಸುಲಭದ ತೀರ್ಮಾನಕ್ಕೆ ಬಂದರು: ಹೊರಗೆ ಚಿತ್ರ ತೆಗೆಯೋಣ, ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ತುಂಬೋಣ. ಸೆಟ್ಟಿನಲ್ಲಿ ಹಿಡಿದ ಧ್ವನಿ 'ಪೈಲಟ್' ಆಯಿತು, ಅಂದರೆ ಡಬ್ಬಿಂಗ್ ಹೊತ್ತಿಗೆ ನಟನಿಗೆ ತಾನೇನು ಹೇಳಿದ್ದೆ ಎಂದು ನೆನಪಿಸುವ ಬರೀ ಗುರುತು.

ರಮೇಶ್ ಸಿಪ್ಪಿ 'ಶೋಲೆ' ಚಿತ್ರೀಕರಣವನ್ನು 1973ರ ಅಕ್ಟೋಬರ್‌ನಲ್ಲಿ ರಾಮನಗರದಲ್ಲಿ ಶುರು ಮಾಡಿದ್ದು ಈ ಪದ್ಧತಿ ದೇಶದಲ್ಲೆಲ್ಲ ಗಟ್ಟಿಯಾಗಿದ್ದ ಕಾಲದಲ್ಲಿ. ರಾಮದೇವರ ಬೆಟ್ಟದ ಬುಡದಲ್ಲಿ ಕಲಾ ನಿರ್ದೇಶಕ ರಾಮ್ ಯೆಡೇಕರ್ ಒಂದು ಇಡೀ ಹಳ್ಳಿ ಕಟ್ಟಿದರು. ಸುಮಾರು ಎರಡು ವರ್ಷ ನಡೆದ ಕೆಲಸ, 1975ರ ಆಗಸ್ಟ್ 15ರಂದು ಬಿಡುಗಡೆ, 70 ಎಂಎಂ ತೆರೆ, ಸ್ಟೀರಿಯೋ ಧ್ವನಿ. ಆ ಚಿತ್ರದ ಸಂಭಾಷಣೆಯದೇ ಗ್ರಾಮಫೋನ್ ರೆಕಾರ್ಡು ಬಂತು, ದೇಶವೆಲ್ಲ ಅದನ್ನು ಬಾಯಿಪಾಠ ಮಾಡಿತು. ದ್ವಾರಕಾ ದಿವೇಚಾ ಹಿಡಿದ ಬಂಡೆ, ಬಿಸಿಲು, ಧೂಳು ಪೂರ್ತಿ ರಾಮನಗರದವು. ಧ್ವನಿ ಮಾತ್ರ ಅಂದಿನ ರೂಢಿಯಂತೆ ಬಹುಪಾಲು ಮುಂಬೈ ಸ್ಟುಡಿಯೋಗಳಲ್ಲಿ ಕೂಡಿ ಬಂದದ್ದು. ಹತ್ತು ವರ್ಷದ ನಂತರ ಅದೇ ಬಂಡೆಗಳ ನಡುವೆ ಜಾನ್ ಮಿಚೆಲ್ ಮೈಕು ಹಿಡಿದು ನಿಂತದ್ದು ಬೇರೆಯೇ ಒಂದು ಸಂಪ್ರದಾಯದಿಂದ.

ಆ ಸಂಪ್ರದಾಯ ಸಾಧ್ಯವಾದದ್ದು ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ಪೋಲೆಂಡ್ ಮೂಲದ ಸ್ಟೆಫಾನ್ ಕುಡೆಲ್ಸ್ಕಿಯಿಂದ. ಐವತ್ತರ ದಶಕದ ಕೊನೆಗೆ ಅವರು ತಂದ ನಾಗ್ರಾ 3 ಟೇಪ್ ರೆಕಾರ್ಡರ್ ಹೆಗಲಿಗೆ ನೇತುಹಾಕಿಕೊಳ್ಳುವ ಪೆಟ್ಟಿಗೆ. ಕ್ಯಾಮೆರಾದಿಂದ ಒಂದು ಸಣ್ಣ ವೈರು ಬಂದು ಅದಕ್ಕೆ ಸೇರುತ್ತಿತ್ತು. ಕ್ಯಾಮೆರಾ ಎಷ್ಟು ವೇಗದಲ್ಲಿ ಓಡುತ್ತಿದೆ ಎಂಬುದನ್ನು ಒಂದು ಸಂಕೇತವಾಗಿ ಟೇಪಿನ ಮೇಲೆ, ಮಾತಿನ ಜೊತೆಗೇ, ಬರೆಯುತ್ತಿತ್ತು. ಟೇಪಿಗೆ ಫಿಲ್ಮಿನಂತೆ ಅಂಚಿನ ತೂತುಗಳಿಲ್ಲ, ಅದು ಜಾರುತ್ತದೆ, ಹಿಗ್ಗುತ್ತದೆ. ಆಮೇಲೆ ಲ್ಯಾಬಿನಲ್ಲಿ ಆ ಸಂಕೇತ ನೋಡಿಕೊಂಡು ಟೇಪಿನ ವೇಗ ತಿದ್ದಿ, ತೂತಿರುವ ಮ್ಯಾಗ್ನೆಟಿಕ್ ಫಿಲ್ಮಿಗೆ ಇಳಿಸಿದರೆ ಮಾತು ಚಿತ್ರದ ಜೊತೆ ನಿಲ್ಲುತ್ತದೆ. ಭಾರತದ ಸೆಟ್ಟುಗಳಲ್ಲಿ ಈ ಯಂತ್ರಕ್ಕೆ ಸಿಕ್ಕ ಕೆಲಸವೇ ಬೇರೆ. ಹಾಡಿನ ಚಿತ್ರೀಕರಣಕ್ಕೆ ಹಾಡು ಕೇಳಿಸುವ ಯಂತ್ರವಾಗಿ ಅದು ಇಲ್ಲಿ ಹೆಸರುವಾಸಿಯಾಯಿತು. 'ನಾಗ್ರಾ' ಎಂದು ಕೂಗಿದರೆ ನೃತ್ಯ ಶುರುವಾಗಬೇಕು ಎಂದರ್ಥ. ಮಾತು ಹಿಡಿಯಲು ಹುಟ್ಟಿದ ಯಂತ್ರಕ್ಕೆ ಇಲ್ಲಿ ಹಾಡು ಬಿಡುವ ಉದ್ಯೋಗ.

ವೈರಿನ ಕಾಟ ತಪ್ಪಿಸಿದ್ದು ಹರಳು. ಕ್ಯಾಮೆರಾದಲ್ಲೂ ರೆಕಾರ್ಡರ್‌ನಲ್ಲೂ ಒಂದೊಂದು ಕ್ವಾರ್ಟ್ಜ್ ಹರಳಿನ ಗಡಿಯಾರ ಇಟ್ಟರೆ ಎರಡೂ ತಮ್ಮ ಪಾಡಿಗೆ ತಾವು ಸಮವೇಗದಲ್ಲಿ ಓಡುತ್ತವೆ. ಫ್ರಾನ್ಸಿನ ಜ್ಯಾಂ-ಪಿಯರ್ ಬೋವಿಯಾಲಾ ಇದರಲ್ಲಿ ಮುಂದಾಳು. ಗ್ರೆನೋಬಲ್‌ನಲ್ಲಿ ಅವರು ಕಟ್ಟಿದ ಆಟಾನ್ ಕಂಪನಿ ಮುಂದೆ ಫಿಲ್ಮಿನ ಅಂಚಿನಲ್ಲೇ ಹೊತ್ತನ್ನು ಅಚ್ಚೊತ್ತುವ ಕ್ಯಾಮೆರಾ ತಂದಿತು. ಹರಳು ಹೇಳುವುದು ವೇಗವನ್ನು ಮಾತ್ರ, ಎಲ್ಲಿಂದ ಶುರು ಎಂಬುದನ್ನಲ್ಲ. ಕ್ಲ್ಯಾಪ್ ಬೋರ್ಡು ಹಾಗಾಗಿ ಉಳಿದುಕೊಂಡಿತ್ತು. 'ಎಲ್ಲಿಂದ' ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಸಿನಿಮಾದಿಂದಲ್ಲ, ಟೆಲಿವಿಷನ್‌ನಿಂದ. ವಿಡಿಯೋ ಟೇಪಿನ ಮೇಲೆ ಚಿತ್ರ ಕಣ್ಣಿಗೆ ಕಾಣುವುದಿಲ್ಲ, ಎಲ್ಲಿ ಕತ್ತರಿಸುವುದೆಂದು ಗೊತ್ತಾಗುವುದಿಲ್ಲ. 1967ರಲ್ಲಿ ಕ್ಯಾಲಿಫೋರ್ನಿಯಾದ ಇಕೋ ಕಂಪನಿ ಬಾಹ್ಯಾಕಾಶ ಯಾನಗಳ ಟೆಲಿಮೆಟ್ರಿ ಟೇಪಿಗೆ ಬಳಸುತ್ತಿದ್ದಂಥ ಕಾಲಸಂಕೇತವನ್ನು ವಿಡಿಯೋಕ್ಕೆ ಒಗ್ಗಿಸಿತು. ಒಂದೊಂದು ಫ್ರೇಮಿಗೂ ಗಂಟೆ, ನಿಮಿಷ, ಸೆಕೆಂಡು, ಫ್ರೇಮು ಎಂಬ ಎಂಟು ಅಂಕಿಯ ವಿಳಾಸ. ಎಪ್ಪತ್ತರ ದಶಕದಲ್ಲಿ ಅಮೆರಿಕದ ಚಲನಚಿತ್ರ-ಟೆಲಿವಿಷನ್ ಎಂಜಿನಿಯರುಗಳ ಸಂಘ, ಅಂದರೆ ಎಸ್‌ಎಂಪಿಟಿಇ, ಅದನ್ನು ಮಾನದಂಡವಾಗಿಸಿತು.

ಪ್ರತಿ ಫ್ರೇಮಿಗೆ 80 ಬಿಟ್. ಹೊತ್ತಿನ ಅಂಕಿಗಳ ಜೊತೆ ಬಳಕೆದಾರ ಏನಾದರೂ ಬರೆದುಕೊಳ್ಳಲು 32 ಬಿಟ್ ಜಾಗ, ಕೊನೆಗೆ 'ಫ್ರೇಮು ಇಲ್ಲಿಗೆ ಮುಗಿಯಿತು' ಎಂದು ಹೇಳುವ 16 ಬಿಟ್. ಸೆಕೆಂಡಿಗೆ 24 ಫ್ರೇಮಾದರೆ 1920 ಬಿಟ್, ಇದು ಮನುಷ್ಯನ ಕಿವಿಗೆ ಕೇಳುವ ವ್ಯಾಪ್ತಿಯಲ್ಲೇ ಬರುತ್ತದೆ. ಸ್ಪೀಕರಿಗೆ ಸಿಕ್ಕಿಸಿದರೆ ಹಳೆಯ ಫ್ಯಾಕ್ಸ್ ಯಂತ್ರ ಕಿರುಚಿದಂತೆ ಕೇಳುತ್ತದೆ. ಕೇಳಲು ಅಸಹ್ಯ. ಆದರೆ ಧ್ವನಿಯಾಗಿ ದಾಖಲಿಸಬಹುದು ಎಂಬುದೇ ಅದರ ದೊಡ್ಡ ಗುಣ, ಮುಂದೆ ಬಡ ಕ್ಯಾಮೆರಾಗಳನ್ನು ಉಳಿಸಿದ್ದು ಅದೇ.

ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಶುರುವಾದ ಮೇಲೆ ಇಲ್ಲಿ ಟೆಲಿವಿಷನ್ ಕೆಲಸಗಾರರ ಒಂದು ಹೊಸ ಪಂಗಡ ಹುಟ್ಟಿತು. ಬೀಟಾಕ್ಯಾಮ್ ಟೇಪು ಇಟ್ಟುಕೊಂಡು ಎಡಿಟಿಂಗ್ ಮೇಜಿಗೆ ಕೂತವರಿಗೆ ತೆರೆಯ ಮೇಲೆ ಓಡುವ ಎಂಟು ಅಂಕಿ ನಿತ್ಯದ ನೆಂಟ. ಸಿನಿಮಾದವರು ಅದೇ ಹೊತ್ತಿಗೆ ಡಬ್ಬಿಂಗ್ ಥಿಯೇಟರಿನಲ್ಲಿದ್ದರು. ಎಂಬತ್ತರ ದಶಕದಲ್ಲಿ ಶಂಕರ್‌ನಾಗ್, ಅನಂತ್‌ನಾಗ್ ಸಹೋದರರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ ಮೇಲೆ ಪ್ರತಿಯೊಂದಕ್ಕೂ ಮದರಾಸಿಗೆ ಓಡುವುದು ಕಡಿಮೆಯಾಯಿತು. ದೃಶ್ಯದ ತುಣುಕನ್ನು ಲೂಪು ಮಾಡಿ ತೆರೆಯ ಮೇಲೆ ಸುತ್ತಿಸುವುದು, ನಟ ತನ್ನದೇ ತುಟಿ ನೋಡಿಕೊಂಡು ಮತ್ತೆ ಮತ್ತೆ ಹೇಳುವುದು. ಕನ್ನಡ ಬಾರದ ನಾಯಕಿಗೆ ಕಂಠದಾನ ಮಾಡುವ ಕಲಾವಿದೆಯರ ಒಂದು ದೊಡ್ಡ ವರ್ಗವೇ ಈ ವ್ಯವಸ್ಥೆಯಿಂದ ಬದುಕು ಕಂಡುಕೊಂಡಿತು. ಡಬ್ಬಿಂಗ್ ಕೀಳು ಎಂದು ಮೂಗು ಮುರಿಯುವುದು ಸರಿಯಲ್ಲ, ಅದೂ ಒಂದು ಕಸುಬು, ಕಷ್ಟದ ಕಸುಬು. ಆದರೆ ಬೆಟ್ಟದ ತುದಿಯಲ್ಲಿ ಓಡಿ ಬಂದು ಏದುಸಿರು ಬಿಡುತ್ತಾ ಆಡಿದ ಮಾತನ್ನು ಆರು ತಿಂಗಳ ಮೇಲೆ ಎ.ಸಿ. ಕೋಣೆಯಲ್ಲಿ ನಿಂತು ಹೇಳಿದರೆ ಅದು ಬೇರೆ ಮಾತೇ.

ರಾಮನಗರ ಸೀಮೆಯಲ್ಲಿ ಟೈಮ್‌ಕೋಡನ್ನು ಅತಿ ಹೆಚ್ಚು ನುಂಗಿದ ಜಾಗ ಯಾವುದು ಎಂದು ಕೇಳಿದರೆ ಉತ್ತರ ಬೆಟ್ಟವಲ್ಲ, ಬಿಡದಿ. 'ಬಿಗ್ ಬಾಸ್ ಕನ್ನಡ'ದ ಮನೆ ಹಲವು ವರ್ಷ ಇದ್ದದ್ದು ಅಲ್ಲಿನ ಫಿಲ್ಮ್ ಸಿಟಿ ಆವರಣದಲ್ಲಿ. ಅಂಥ ಮನೆಯಲ್ಲಿ ಡಜನುಗಟ್ಟಲೆ ಕ್ಯಾಮೆರಾ ಹಗಲು ರಾತ್ರಿ ಓಡುತ್ತವೆ, ಒಬ್ಬೊಬ್ಬರ ಕೊರಳಿಗೂ ಮೈಕು. ಅಡುಗೆಮನೆಯಲ್ಲಿ ಒಬ್ಬ ಗೊಣಗಿದ್ದಕ್ಕೂ ಅಂಗಳದಲ್ಲಿ ಇನ್ನೊಬ್ಬ ನಕ್ಕಿದ್ದಕ್ಕೂ ಸಂಬಂಧ ಕಲ್ಪಿಸಿ ರಾತ್ರಿಯೊಳಗೆ ಕಂತು ಕಟ್ಟಬೇಕು. ಒಂದೊಂದಕ್ಕೂ ಕ್ಲ್ಯಾಪ್ ಹೊಡೆಯುವವನನ್ನು ಒಳಗೆ ಬಿಡುವಂತಿಲ್ಲವಲ್ಲ! ಎಲ್ಲ ಯಂತ್ರಗಳ ಮೇಲೂ ಒಂದೇ ಹೊತ್ತು ಬರೆದಿದ್ದರೆ ಮಾತ್ರ ಇಂಥ ಕಾರ್ಯಕ್ರಮ ಸಾಧ್ಯ.

ಇಷ್ಟೆಲ್ಲ ಇರುವಾಗ ಒಂದು ಸಣ್ಣ ತಂಡ ಏನು ಮಾಡಬೇಕು? ಮಾಗಡಿ ತಾಲ್ಲೂಕಿನ ಕೆಂಪಾಪುರವನ್ನೇ ತೆಗೆದುಕೊಳ್ಳೋಣ. 2015ರಲ್ಲಿ ಹಿರಿಯ ಕೆಂಪೇಗೌಡರ ಸಮಾಧಿ ಎಂದು ಗುರುತಾದ ಕಲ್ಲಿನ ಕಟ್ಟಡ ಇರುವುದು ಇಲ್ಲೇ. ಕುಣಿಗಲ್ ಕಡೆಯಿಂದ ಮರಳುವಾಗ ಕುದೂರಿನ ಕಾಳಗದ ನಂತರ ಅವರು ಮಡಿದ ಜಾಗ ಇದೆಂದು ಅಲ್ಲಿನ ಬರಹ ಹೇಳುತ್ತದೆ. ಈಗ ಊರಿನ ಹಿರಿಯರೊಬ್ಬರನ್ನು ಸಮಾಧಿಯ ಮುಂದೆ ಕೂರಿಸಿ ಮಾತಾಡಿಸಲು ಎರಡು ಕ್ಯಾಮೆರಾ, ಒಂದು ಧ್ವನಿ ರೆಕಾರ್ಡರ್ ಹಿಡಿದು ತಂಡ ಬರುತ್ತದೆ ಎಂದುಕೊಳ್ಳಿ. ಅಜ್ಜ ಹೇಳಿದ್ದನ್ನು ಇನ್ನೊಮ್ಮೆ ಹೇಳುವುದಿಲ್ಲ, ಹೇಳಿದರೂ ಅದೇ ಮಾತಾಗಿರುವುದಿಲ್ಲ. ಇಲ್ಲಿ ಡಬ್ಬಿಂಗ್ ಎಂಬುದು ಇಲ್ಲವೇ ಇಲ್ಲ.

ಮೊದಲ ಕೆಲಸ ಫ್ರೇಮ್ ರೇಟು. ಮೂರೂ ಯಂತ್ರಗಳಲ್ಲಿ ಒಂದೇ ಇರಬೇಕು. ಸಿನಿಮಾಕ್ಕಾದರೆ 24, ಟೆಲಿವಿಷನ್‌ಗಾದರೆ 25. ಒಂದು ಕ್ಯಾಮೆರಾ ಅಂಗಡಿಯಿಂದ ಬಂದಂತೆ 23.976ರಲ್ಲೇ ಉಳಿದು ರೆಕಾರ್ಡರ್ 24ರಲ್ಲಿದ್ದರೆ ಗಂಟೆಗೆ 3.6 ಸೆಕೆಂಡು ದೂರವಾಗುತ್ತವೆ. ಈ ಎರಡು ಅಂಕಿಗಳನ್ನು 'ಹೆಚ್ಚು ಕಡಿಮೆ ಒಂದೇ' ಎಂದುಕೊಂಡವರ ಎಡಿಟರ್ ರಾತ್ರಿ ನಿದ್ದೆಗೆಟ್ಟಿರುತ್ತಾನೆ. ಎರಡನೆಯದು, ಟೈಮ್‌ಕೋಡ್ 'ಫ್ರೀ ರನ್'ನಲ್ಲಿರಬೇಕು. 'ರೆಕ್ ರನ್'ನಲ್ಲಿ ಕ್ಯಾಮೆರಾ ಚಿತ್ರ ಹಿಡಿಯುವಾಗ ಮಾತ್ರ ಅಂಕಿ ಓಡುತ್ತದೆ, ನಿಂತಾಗ ನಿಲ್ಲುತ್ತದೆ. ಒಂಟಿ ಕ್ಯಾಮೆರಾದ ಸುದ್ದಿ ಕೆಲಸಕ್ಕೆ ಅದು ಸಾಕು. ಇಲ್ಲಿ ಬೇಕಾದದ್ದು ಕ್ಯಾಮೆರಾ ನಿಂತರೂ ನಿಲ್ಲದ ಗಡಿಯಾರ. ಸಾಮಾನ್ಯವಾಗಿ ಆ ದಿನದ ಹೊತ್ತನ್ನೇ ಇಡುತ್ತಾರೆ. ಬೆಳಿಗ್ಗೆ ಹತ್ತೂ ನಲವತ್ತೆರಡಕ್ಕೆ ಅಜ್ಜ ಏನೋ ಒಳ್ಳೆಯ ಮಾತು ಹೇಳಿದರು ಎಂದು ಸಹಾಯಕ ನಿರ್ದೇಶಕ ಕೈಗಡಿಯಾರ ನೋಡಿ ಗುರುತು ಹಾಕಿಕೊಂಡರೆ ಎಡಿಟಿಂಗ್‌ನಲ್ಲಿ ಅದೇ ಸಂಖ್ಯೆಗೆ ನೇರ ಹೋಗಬಹುದು.

ಆಮೇಲೆ ಜ್ಯಾಮ್, ಅಂದರೆ ಎಲ್ಲ ಯಂತ್ರಗಳಿಗೂ ಒಂದೇ ಹೊತ್ತು ಕೂಡಿಸುವುದು. ಯಾರಾದರೂ ಒಬ್ಬರು ಯಜಮಾನನಾಗಬೇಕು, ಬಹಳ ಸಲ ಅದು ಧ್ವನಿ ರೆಕಾರ್ಡರ್. ಯಾಕೆಂದರೆ ಒಳ್ಳೆಯ ರೆಕಾರ್ಡರುಗಳಲ್ಲಿ ಕಾವಿಗೆ ಕದಲದ ಹರಳಿನ ಗಡಿಯಾರವಿರುತ್ತದೆ. 0.2 ಪಿಪಿಎಂ, ಅಂದರೆ ಕೋಟಿಗೆ ಎರಡು ಪಾಲು ತಪ್ಪುವ ಗಡಿಯಾರ ಇಡೀ ದಿನಕ್ಕೆ 17 ಮಿಲಿಸೆಕೆಂಡು ಜಾರುತ್ತದೆ, ಅರ್ಧ ಫ್ರೇಮೂ ಇಲ್ಲ. ಸಾಧಾರಣ ಕ್ಯಾಮೆರಾದ ಗಡಿಯಾರ 10 ಪಿಪಿಎಂ ತಪ್ಪಿದರೆ ಗಂಟೆಗೆ 36 ಮಿಲಿಸೆಕೆಂಡು, ಮಧ್ಯಾಹ್ನದ ಊಟದ ಹೊತ್ತಿಗೆ ಮೂರು ನಾಲ್ಕು ಫ್ರೇಮು. ಹಾಗಾಗಿ ಬೆಳಿಗ್ಗೆ ಒಮ್ಮೆ ಕೇಬಲ್ ಸಿಕ್ಕಿಸಿ ಹೊತ್ತು ಕೂಡಿಸಿ ತೆಗೆದುಬಿಡುವುದು ಸಾಲದು. ಬೆಂಕಿಪೊಟ್ಟಣದ ಗಾತ್ರದ ಟೈಮ್‌ಕೋಡ್ ಬಾಕ್ಸುಗಳು ಬಂದದ್ದು ಇದಕ್ಕೇ. ಟೆಂಟಕಲ್, ಆಂಬಿಯಂಟ್ ಕಂಪನಿಯ ಲಾಕಿಟ್, ಡೆನೆಕೆ ಮುಂತಾದವು ಬಾಡಿಗೆ ಅಂಗಡಿಗಳಲ್ಲಿ ಸಿಗುತ್ತವೆ. ಎಲ್ಲವನ್ನೂ ಒಮ್ಮೆ ರೆಕಾರ್ಡರಿಗೆ ಕೂಡಿಸಿ, ಒಂದೊಂದನ್ನು ಒಂದೊಂದು ಕ್ಯಾಮೆರಾದ ತಲೆಯ ಮೇಲೆ ಅಂಟಿಸಿ ದಿನವಿಡೀ ಬಿಟ್ಟರಾಯಿತು. ಆರಿ ಅಲೆಕ್ಸಾದಲ್ಲಿ ಐದು ಪಿನ್ನಿನ ಲೆಮೋ ಕೇಬಲ್, ಹಲವು ಸೋನಿ ಕ್ಯಾಮೆರಾಗಳಲ್ಲಿ ಬಿಎನ್‌ಸಿ, ಬ್ಲ್ಯಾಕ್‌ಮ್ಯಾಜಿಕ್‌ನ ಪಾಕೆಟ್ ಕ್ಯಾಮೆರಾದಲ್ಲಿ ಮೈಕಿನ ಪಿನ್ನಿಗೇ. ಟೈಮ್‌ಕೋಡಿನ ಬಾಗಿಲೇ ಇಲ್ಲದ ಡಿಎಸ್‌ಎಲ್‌ಆರ್ ಆದರೆ ಆ ಕಿರುಚುವ ಸಂಕೇತವನ್ನು ಒಂದು ಆಡಿಯೋ ಚಾನೆಲ್‌ನಲ್ಲಿ ಧ್ವನಿಯಾಗಿಯೇ ದಾಖಲಿಸುತ್ತಾರೆ. ಡಾವಿಂಚಿ ರಿಸಾಲ್ವ್‌ನಂಥ ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ಓದಿ ಹೊತ್ತು ತಿಳಿಯುತ್ತದೆ. ಧ್ವನಿಯ ಮಟ್ಟ ತೀರಾ ಏರಿದರೆ ಪಕ್ಕದ ಚಾನೆಲ್‌ಗೆ ಸೋರಿ ಅಜ್ಜನ ಮಾತಿನ ಹಿಂದೆ ಚೀರಾಟ ಕೇಳುತ್ತದೆ, ಅದನ್ನು ಹೆಡ್‌ಫೋನಿನಲ್ಲಿ ಮೊದಲೇ ಕೇಳಿ ನೋಡಬೇಕು.

ಒಂದು ವಿಷಯ ಗೊತ್ತಿರಲಿ: ಟೈಮ್‌ಕೋಡ್ ಎಂದರೆ ವಿಳಾಸ ಮಾತ್ರ. ಎರಡು ಕ್ಯಾಮೆರಾಗಳ ಫ್ರೇಮು ಒಂದೇ ಕ್ಷಣದಲ್ಲಿ ತೆರೆದುಕೊಳ್ಳುವಂತೆ ಮಾಡುವುದು ಜೆನ್‌ಲಾಕ್, ಅದು ಬೇರೆಯೇ ಸಂಗತಿ. ಅಕ್ಕಪಕ್ಕದ ಕ್ಯಾಮೆರಾಗಳಲ್ಲಿ ಅರ್ಧ ಫ್ರೇಮಿನ ಹೆಚ್ಚುಕಡಿಮೆ ಉಳಿದೇ ಇರುತ್ತದೆ, ಸಂದರ್ಶನಕ್ಕೆ ಅದರಿಂದ ನಷ್ಟವಿಲ್ಲ. ಇಷ್ಟಾದ ಮೇಲೂ ಅನುಭವಸ್ಥರು ಒಂದು ಕ್ಲ್ಯಾಪ್ ಹೊಡೆಸುತ್ತಾರೆ, ಕೊನೆಗೆ ಎರಡು ಅಂಗೈಯನ್ನಾದರೂ ತಟ್ಟಿಸುತ್ತಾರೆ. ಬ್ಯಾಟರಿ ಸತ್ತರೆ, ಕೇಬಲ್ ಸಡಿಲವಾದರೆ ತೊಂಬತ್ತು ವರ್ಷದ ಹಳೆಯ ಹಲಗೆಯೇ ಗತಿ.

ಕನ್ನಡದಲ್ಲಿ ಈ ಹೊಸ ಅನುಕೂಲವನ್ನು ಗಟ್ಟಿಯಾಗಿ ಹಿಡಿದವರು ಕೆಲವರೇ. ಹಿಂದಿಯಲ್ಲಿ 2001ರ 'ಲಗಾನ್' ನಕುಲ್ ಕಾಮ್ಟೆಯವರ ಧ್ವನಿಗ್ರಹಣದಿಂದ ದೊಡ್ಡ ಬಜೆಟ್ಟಿನವರಿಗೂ ಧೈರ್ಯ ಕೊಟ್ಟಿತ್ತು. ಇಲ್ಲಿ ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' 2014ರಲ್ಲಿ ಕರಾವಳಿಯ ಮಾತನ್ನು ಸ್ಥಳದಲ್ಲೇ ಹಿಡಿಯುವ ಸಾಹಸ ಮಾಡಿತು. ಅದಾದ ಮೇಲೆ ರಾಮ್ ರೆಡ್ಡಿಯವರ 'ತಿಥಿ', ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಊರಿನವರನ್ನೇ ಪಾತ್ರಧಾರಿಗಳಾಗಿಸಿ ತೆಗೆದದ್ದು. 2015ರಲ್ಲಿ ಲೊಕಾರ್ನೋದಲ್ಲಿ ಪ್ರಶಸ್ತಿ ಪಡೆಯಿತು, 2016ರ ಮೇನಲ್ಲಿ ಇಲ್ಲಿ ಬಿಡುಗಡೆಯಾಯಿತು. ಅದರ ಗಡ್ಡಪ್ಪ, ಸೆಂಚುರಿ ಗೌಡರ ಮಾತನ್ನು ಸ್ಟುಡಿಯೋದಲ್ಲಿ ನಿಲ್ಲಿಸಿ ಮತ್ತೆ ಹೇಳಿಸಿದ್ದರೆ ಏನಾಗುತ್ತಿತ್ತು ಎಂದು ಊಹಿಸಿದರೆ ಸಾಕು. ಬೈಗುಳದ ನಡುವಿನ ಆ ಕೆಮ್ಮು, ಆ ಅರ್ಧಕ್ಕೆ ನಿಂತ ಉಸಿರು ಯಾವ ಮೈಕಿನ ಮುಂದೆಯೂ ಎರಡನೆಯ ಸಲ ಬರುವುದಿಲ್ಲ.

2022ರ ಜುಲೈನಲ್ಲಿ 68ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಪ್ರಕಟವಾದಾಗ ಕನ್ನಡದ 'ಡೊಳ್ಳು' ಅತ್ಯುತ್ತಮ ಕನ್ನಡ ಚಿತ್ರವಾಯಿತು. ಅದಕ್ಕೇ ಸ್ಥಳದಲ್ಲಿ ಧ್ವನಿ ಹಿಡಿದ ಚಿತ್ರಗಳಿಗೆಂದೇ ಮೀಸಲಾದ ಧ್ವನಿಗ್ರಹಣ ಪ್ರಶಸ್ತಿಯೂ ಬಂತು. ಮರುಕ್ಷಣವೇ ಆ ಚಿತ್ರದ ಧ್ವನಿ ವಿನ್ಯಾಸಕ ನಿತಿನ್ ಲೂಕೋಸ್ ಇದು ಸಿಂಕ್ ಸೌಂಡ್ ಚಿತ್ರವಲ್ಲ, ಡಬ್ ಆದದ್ದು ಎಂದು ಬಹಿರಂಗವಾಗಿ ಹೇಳಿದರು. ಆಸ್ಕರ್ ವಿಜೇತ ರೆಸೂಲ್ ಪೂಕುಟ್ಟಿಯೂ ದನಿಗೂಡಿಸಿದರು. ಸ್ವಂತ ಕೆಲಸದ ಚಿತ್ರಕ್ಕೆ ಬಂದ ಪ್ರಶಸ್ತಿಯ ಬಗ್ಗೆ ಹಾಗೆ ನಿಜ ಹೇಳಿದ್ದು ಸಣ್ಣ ಮಾತಲ್ಲ. ಆದರೆ ಇದರಲ್ಲಿ ಯೋಚಿಸಬೇಕಾದ್ದು ತೀರ್ಪುಗಾರರ ಕಿವಿಯ ಬಗ್ಗೆ. ಹಿಡಿದ ಮಾತಿಗೂ ತುಂಬಿದ ಮಾತಿಗೂ ವ್ಯತ್ಯಾಸ ತೀರ್ಪು ಕೊಡುವವರಿಗೇ ತಿಳಿಯದಿದ್ದರೆ, ಅಥವಾ ಕೇಳುವ ಗೋಜಿಗೇ ಹೋಗದಿದ್ದರೆ, ಐವತ್ತು ವರ್ಷದ ಡಬ್ಬಿಂಗ್ ನಮ್ಮ ಕಿವಿಯನ್ನು ಎಷ್ಟು ಪಳಗಿಸಿದೆ ಎಂದಾಯಿತು.

ಸಿಂಕ್ ಸೌಂಡ್ ಬೇಡ ಎನ್ನಲು ಇದ್ದ ಎರಡು ಹಳೆಯ ಕಾರಣಗಳು ಈಗ ಉಳಿದಿಲ್ಲ. ಡಿಜಿಟಲ್ ಕ್ಯಾಮೆರಾ ಫ್ಯಾನಿನ ಸಣ್ಣ ಸದ್ದು ಬಿಟ್ಟರೆ ಮೌನಿ. ಮಾತನ್ನು ಚಿತ್ರಕ್ಕೆ ಕೂಡಿಸುವ ಕೆಲಸ ಟೈಮ್‌ಕೋಡಿನಿಂದ ಕೆಲವೇ ನಿಮಿಷದ್ದು. ಉಳಿದಿರುವುದು ಸೆಟ್ಟಿನ ಶಿಸ್ತು. ಜೆನರೇಟರ್ ವ್ಯಾನನ್ನು ದೂರ ನಿಲ್ಲಿಸಬೇಕು, ಮೊಬೈಲು ಆಫ್ ಮಾಡಿಸಬೇಕು, ನಟ ಮಾತು ಕಲಿತು ಬರಬೇಕು, ನಿರ್ದೇಶಕ ಟೇಕಿನ ನಡುವೆ ಕೂಗಿ ಸೂಚನೆ ಕೊಡುವ ಚಾಳಿ ಬಿಡಬೇಕು. ಇದ್ಯಾವುದೂ ಬಾಡಿಗೆ ಅಂಗಡಿಯಲ್ಲಿ ಸಿಗುವುದಿಲ್ಲ.

ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ, ಅಲ್ಲಿ 'ಶೋಲೆ'ಯಂಥ ಜಾತ್ರೆಗೆ ಇನ್ನು ಜಾಗವಿಲ್ಲ, ಇರಲೂಬಾರದು. ಆದರೆ ಮಾಗಡಿ, ಕನಕಪುರ, ಚನ್ನಪಟ್ಟಣದ ಊರುಗಳಿಗೆ ಕ್ಯಾಮೆರಾ ಬರುವುದು ನಿಲ್ಲುವುದಿಲ್ಲ. ಹಾಗೆ ಬರುವ ನಿರ್ಮಾಪಕರಲ್ಲಿ ಒಂದು ಕೋರಿಕೆ: ಲೊಕೇಶನ್ ನೋಡಲು ಛಾಯಾಗ್ರಾಹಕನನ್ನು ಕರೆದುಕೊಂಡು ಬರುತ್ತೀರಲ್ಲ, ಅದೇ ಕಾರಿನಲ್ಲಿ ಧ್ವನಿಗ್ರಾಹಕನಿಗೂ ಒಂದು ಸೀಟು ಕೊಡಿ. ಬೋರ್‌ವೆಲ್ ಮೋಟಾರು ಯಾವ ಹೊತ್ತಿಗೆ ಓಡುತ್ತದೆ, ದೇವಸ್ಥಾನದ ಮೈಕು ಯಾವ ಕಡೆ ತಿರುಗಿದೆ, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಊರಿನವರನ್ನು ಕೇಳಿ ಆತ ಬರೆದುಕೊಳ್ಳಲಿ, ಚಿತ್ರೀಕರಣದ ದಿನಚರಿಯನ್ನು ಆ ಪಟ್ಟಿ ನೋಡಿಕೊಂಡು ಹಾಕಿ.